ಹನ್ನೆರಡು ಯಂತ್ರಕ್ಕೆ ಒಂದೇ ಪಾಸು

"ಏನಮ್ಮ ಇದು, ಈಗ ತಾನೇ ಮೂರು ಅಂತಿತ್ತು, ಈಗ ನೋಡಿದ್ರೆ ಏಳು ಅಂತಿದೆ?"

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಆಂಬುಲೆನ್ಸ್ ನಿಯಂತ್ರಣ ಕೊಠಡಿಯ ಹಿಂದಿರುವ ಯಂತ್ರಕೋಣೆಗೆ ಚಹಾ ಲೋಟ ಹಿಡಿದು ಬಂದ ಪಾಳಿ ಮೇಲ್ವಿಚಾರಕರು ಪರದೆಯತ್ತ ಬೆರಳು ತೋರಿಸುತ್ತಾರೆ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ವೈರುಗಳನ್ನು ಒಂದೊಂದಾಗಿ ಕಿತ್ತು ಸಿಗಿಸುತ್ತಿರುವ ಹೆಂಗಸು ತಲೆ ಎತ್ತುವುದಿಲ್ಲ.

"ಲೆಕ್ಕ ಒಂದೇ ತಾನೇ ತೋರಿಸ್ತಿರೋದು ಸರ್?"

"ಲೆಕ್ಕ ಒಂದೇ. ಪಕ್ಕದ ಹೆಸರು ಮಾತ್ರ ಬದಲಾಗ್ತಿದೆ. ನೋಡು, ಈಗ ಹನ್ನೊಂದು."

ಆಕೆಯ ಕೈ ಅಲ್ಲೇ ನಿಲ್ಲುತ್ತದೆ.

ಈಕೆಗೆ ಐವತ್ತೆರಡು. ಹಾಜರಿ ಪುಸ್ತಕದಲ್ಲಿ 'ಯಂತ್ರಕೋಣೆ ಸಹಾಯಕಿ'. ಚಾಲಕರ ಬಾಯಲ್ಲಿ ವೈರಕ್ಕ. ಕುತ್ತಿಗೆಗೆ ಯಾವಾಗಲೂ ಒಂದು ತುಂಡು ವೈರು ಸುತ್ತಿಕೊಂಡು ಓಡಾಡುವುದರಿಂದ ಬಂದ ಹೆಸರು ಅದು. "ಮದುವೇಲಿ ಹಾರ ಹಾಕಿಸ್ಕೊಂಡಿದ್ದು ಒಂದೇ ದಿನ, ಇದು ದಿನಾ" ಎಂದು ತಾವೇ ನಗುತ್ತಾರೆ. ಇಪ್ಪತ್ತೆಂಟು ವರ್ಷದ ಹಿಂದೆ ಸೇರಿದ್ದು ಕರೆ ಪುಸ್ತಕದಲ್ಲಿದ್ದುದನ್ನು ಕಂಪ್ಯೂಟರಿಗೆ ಟೈಪು ಮಾಡುವ ಕೆಲಸಕ್ಕೆ. ಕೆಟ್ಟ ಯಂತ್ರ ರಿಪೇರಿಗೆ ಬಂದವರ ಬೆನ್ನ ಹಿಂದೆ ನಿಂತು ನೋಡಿದ್ದೇ ಇವರ ಓದು. "ಅವರಿಗೆ ಚಹಾ ಕೊಡೋಳು ನಾನೇ. ಲೋಟ ವಾಪಸ್ ತಗೊಳ್ಳೋವರೆಗೂ ನಿಲ್ಲಬಹುದಲ್ಲ. ಕೆಲವರು ಬಲು ನಿಧಾನ ಕುಡೀತಿದ್ರು, ಪುಣ್ಯಾತ್ಮರು."

ಇಲ್ಲಿಗೆ ದಿನಕ್ಕೆ ಸುಮಾರು ಆರುನೂರ ನಲವತ್ತು ಕರೆ ಬರುತ್ತವೆ. ಓಡಾಡುವ ವಾಹನ ಮೂವತ್ತೊಂದು. ಹತ್ತು ವರ್ಷದ ಕರೆಗಳನ್ನೆಲ್ಲ ಜರಡಿ ಹಿಡಿದರೆ, ಇಂಥ ವಾರ, ಇಂಥ ಹೊತ್ತು, ಯಾವ ರಸ್ತೆಯಲ್ಲಿ ಜನ ಬೀಳುತ್ತಾರೆ, ವಾಹನ ಎಲ್ಲಿ ಕಾದು ನಿಂತರೆ ಬೇಗ ಮುಟ್ಟುತ್ತದೆ ಎಂಬುದು ತಿಳಿಯುತ್ತದೆ. ಹಳೆಯ ಯಂತ್ರ ಈ ಲೆಕ್ಕ ಮಾಡುತ್ತಿತ್ತು. ಆದರೆ ನಡುರಾತ್ರಿಯವರೆಗಿನ ಕರೆಗಳನ್ನು ಸೇರಿಸಿಕೊಂಡು ಕೂತರೆ ಅದಕ್ಕೆ ಏಳು ತಾಸು ಬೇಕು. ಉತ್ತರ ಬೆಳಿಗ್ಗೆ ಏಳಕ್ಕೆ, ವಾಹನ ಹೊರಡುವುದು ಆರಕ್ಕೆ. ಹಾಗಾಗಿ ಚಾಲಕರು ಎಂದೋ ಯಾರೋ ಗುರುತು ಹಾಕಿದ ಜಾಗಗಳಿಗೇ ಹೋಗಿ ನಿಲ್ಲುತ್ತಾರೆ.

ದಾರಿ ಹೇಳಿದ್ದು ವೈರಕ್ಕ. ಒಬ್ಬರೇ ಕೂತು ಮೂಟೆ ಬಟಾಣಿ ಬಿಡಿಸುವ ಬದಲು ಹನ್ನೆರಡು ಮಂದಿ ಸುತ್ತ ಕೂತರೆ ಆಯಿತಲ್ಲ? ಕೆಲಸವನ್ನು ಹಲವು ಯಂತ್ರಗಳಿಗೆ ಹಂಚಿ, ಬಂದ ಉತ್ತರ ಕೂಡಿಸುವ ಸಾಫ್ಟ್‌ವೇರ್ ಇದೆಯೆಂದು ಎಲ್ಲೋ ಓದಿದ್ದರು. ಹೊಸ ಯಂತ್ರಗಳಿಗೆ ಎರಡು ವರ್ಷ ಕಾಯಬೇಕು ಎಂದರು ಮೇಲಿನವರು. "ಗುಜರಿಗೆ ಹಾಕಿದ್ದಾವಲ್ಲ, ಅವನ್ನೇ ಕೊಡಿ, ನಡೆಸಿ ತೋರಿಸ್ತೀನಿ" ಎಂದರು ಇವರು. ಹನ್ನೆರಡು ಯಂತ್ರಗಳನ್ನು ತಂದು, ದೂಳು ಒರೆಸಿ, ಎದೆಯ ಮೇಲೆ ಒಂದರಿಂದ ಹನ್ನೆರಡರವರೆಗೆ ಚೀಟಿ ಅಂಟಿಸಿದರು; ಅದೇ ಅವುಗಳ ಹೆಸರು. ಕೆಲಸ ಹಂಚುವ ಯಜಮಾನ ಯಂತ್ರ ಬೇರೆ.

ಯಜಮಾನ ಮಾತ್ರ ಮೊದಲ ದಿನದಿಂದ ಒಂದೇ ಹಾಡು. ಕೆಲಸಕ್ಕೆ ಹಾಜರಿರುವವರು: ಒಂದು. ಉಳಿದ ಹನ್ನೊಂದು ಯಂತ್ರಗಳು ಗುಂಯ್ ಎನ್ನುತ್ತ, ಹಸಿರು ದೀಪ ಮಿಣುಕಿಸುತ್ತ ಕೂತಿವೆ, ಆದರೆ ಲೆಕ್ಕಕ್ಕಿಲ್ಲ. ಹೊರಗಿನಿಂದ ಎಂಜಿನಿಯರುಗಳು ಬಂದರು, ಮೂರು ದಿನ ತಡಕಾಡಿದರು, ಯಂತ್ರಗಳು ಮುದಿಯಾಗಿವೆ ಎಂದು ಬರೆದುಕೊಟ್ಟು ಹೋದರು. ಆ ವರದಿಯ ಮೇಲೆ ನಿರ್ದೇಶಕರ ಷರಾ: ಶನಿವಾರ ಬೆಳಿಗ್ಗೆ ಆರರೊಳಗೆ ನಡೆಯದಿದ್ದರೆ ಹನ್ನೆರಡೂ ವಾಪಸ್ ಗುಜರಿಗೆ.

ಇವತ್ತು ಶನಿವಾರ.

"ನಾನು ಮಾತು ಕೊಟ್ಟು ತರಿಸಿದ್ದು. ಅವು ಹೋದ್ರೆ ಮುಂದೆ ಯಾರಾದ್ರೂ ನನ್ನ ಮಾತು ಕೇಳ್ತಾರಾ? ಚಹಾ ತಾರಮ್ಮ ಅಂತಾರೆ" ಎಂದು ನಿನ್ನೆ, ಪತ್ರಿಕೆಗೆ ಬರೆಯಲು ಬಂದ ನಮಗೆ ಹೇಳಿದ್ದ ವೈರಕ್ಕ ಈಗ ಪರದೆಯ ಮುಂದೆ ನಿಂತಿದ್ದಾರೆ. ಮೂರು. ಸ್ವಲ್ಪ ಹೊತ್ತಿಗೆ ಒಂಬತ್ತು. ಮತ್ತೆ ಮೂರು. ಇಷ್ಟು ದಿನ ಎಲ್ಲರೂ 'ಒಂದು' ಎಂಬುದನ್ನೇ ನೋಡಿದರು. ಪಕ್ಕದ ಸಣ್ಣಕ್ಷರದ ಹೆಸರನ್ನು ಯಾರೂ ನೋಡಲಿಲ್ಲ.

ಆಕೆ ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡು ನಗತೊಡಗುತ್ತಾರೆ. "ಬಸ್ ಪಾಸು" ಎನ್ನುತ್ತಾರೆ. ಮೇಲ್ವಿಚಾರಕರು ಗಾಬರಿಯಾಗಿ ಲೋಟ ಕೆಳಗಿಡುತ್ತಾರೆ.

ಕೈ ಕೆಲಸ ಮಾಡುತ್ತಿರುವಂತೆಯೇ ಬಾಯಿ ಕತೆ ಹೇಳುತ್ತದೆ. ಇವರಿಗೊಬ್ಬಳು ಅಕ್ಕ, ಒಂದು ವರ್ಷಕ್ಕೆ ದೊಡ್ಡವಳು. ಅದೇ ಜಡೆ, ಅದೇ ಮೂಗು, ಅದೇ ಶಾಲೆಯ ಸಮವಸ್ತ್ರ. ಪಾಸಿನ ಫೋಟೋದಲ್ಲಿ ಯಾರಿದ್ದರೂ ಒಂದೇ. ಎರಡು ವರ್ಷ ಇಬ್ಬರೂ ಒಂದೇ ಪಾಸಿನಲ್ಲಿ ಓಡಾಡಿದರು. ಮುಂದಿನ ಬಾಗಿಲಲ್ಲಿ ಒಬ್ಬಳು ತೋರಿಸಿ, ಕಿಟಕಿಯಿಂದ ಹಿಂದಿನವಳಿಗೆ ದಾಟಿಸುವುದು. "ಕಂಡಕ್ಟರ್ ಒಂದಿನ ಕೇಳಿದ, ಏನಮ್ಮ, ಈಗ ತಾನೇ ಮುಂದೆ ಇದ್ದೆ, ಹಿಂದೆ ಹೇಗೆ ಬಂದೆ ಅಂತ. ಸರ್ ಈಗ ಕೇಳಿದ್ದೂ ಅದೇ ಅಲ್ವಾ? ಅವನ ಲೆಕ್ಕದಲ್ಲಿ ನಾವು ಯಾವತ್ತೂ ಒಬ್ಬಳೇ."

ಸಂಗತಿ ಇಷ್ಟೇ. ಹನ್ನೆರಡಕ್ಕೂ ಒಂದೊಂದಾಗಿ ಸಾಫ್ಟ್‌ವೇರ್ ಹಾಕುತ್ತ ಕೂರುವ ಬದಲು ವೈರಕ್ಕ ಒಂದನೆಯದಕ್ಕೆ ಹಾಕಿ, ಶುರು ಮಾಡಿ ನೋಡಿ, ಅದರ ಡಿಸ್ಕನ್ನೇ ಉಳಿದ ಹನ್ನೊಂದಕ್ಕೆ ಅಚ್ಚೊತ್ತಿದಂತೆ ನಕಲು ಮಾಡಿ, ಹೆಸರು ಮಾತ್ರ ಬದಲಿಸಿದ್ದರು. ಆದರೆ ಮೊದಲ ಸಲ ಶುರುವಾದಾಗಲೇ ಆ ಸಾಫ್ಟ್‌ವೇರ್ ತನಗೊಂದು ಗುರುತಿನ ಸಂಖ್ಯೆ ಬರೆದಿಟ್ಟುಕೊಳ್ಳುತ್ತದೆ. ನಕಲಿನೊಂದಿಗೆ ಅದೂ ಹೋಯಿತು. ಹನ್ನೆರಡೂ ಒಂದೇ ಪಾಸು ತೋರಿಸುತ್ತಿದ್ದವು. ಹೊಸದಾಗಿ ಯಾರು ತೋರಿಸಿದರೂ ಯಜಮಾನ ಹಳಬನನ್ನು ಇಳಿಸಿ ಅವನನ್ನು ಹತ್ತಿಸಿಕೊಳ್ಳುತ್ತಿದ್ದ.

"ಬರ್ಕೊಳ್ಳಿ, ತಪ್ಪು ನಂದೇ" ಎನ್ನುತ್ತಾರೆ ವೈರಕ್ಕ. "ಎಂಜಿನಿಯರುಗಳ ಮೇಲೆ ಹಾಕಬೇಡಿ. ನಕಲು ಮಾಡಿದ್ದು ಅವರಿಗೆ ಹೇಳಿರಲಿಲ್ಲ, ಹೇಳಬೇಕಾದ ವಿಷಯ ಅಂತಲೇ ಹೊಳೀಲಿಲ್ಲ. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದೆ."

ಒಂದನೆಯದು ಮೂಲ. ಅದರ ಪಾಸು ಅದಕ್ಕೇ ಇರಲಿ. ಎರಡನೆಯದನ್ನು ನಿಲ್ಲಿಸಿ, ಗುರುತಿನ ಫೈಲನ್ನು ಅಳಿಸಿ, ಮತ್ತೆ ಶುರು ಮಾಡುತ್ತಾರೆ. ತನ್ನ ಹೊಸ ಗುರುತನ್ನು ಅದೇ ಬರೆದುಕೊಳ್ಳುತ್ತದೆ. ಪರದೆಯ ಮೇಲೆ 'ಒಂದು' ಹೋಗಿ 'ಎರಡು' ಬರುತ್ತದೆ.

ಮೇಲ್ವಿಚಾರಕರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಮೂರು. ನಾಲ್ಕು. ಲೆಕ್ಕ ಆರಕ್ಕೆ ಬರುವ ಹೊತ್ತಿಗೆ ಕರೆ ಸ್ವೀಕರಿಸುವ ಹುಡುಗಿಯರಲ್ಲಿ ಇಬ್ಬರು ಬಾಗಿಲಲ್ಲಿ ನಿಂತಿದ್ದಾರೆ. ಎಂಟಾದಾಗ ಯಾರೋ ಗಟ್ಟಿಯಾಗಿ ಎಣಿಸತೊಡಗುತ್ತಾರೆ. ಹನ್ನೆರಡು ಬಂದಾಗ ಗಡಿಯಾರದಲ್ಲಿ ಐದು ಗಂಟೆ ಎಂಟು ನಿಮಿಷ. ವೈರಕ್ಕ ಸೆರಗಿನಿಂದ ಬೆರಳು ಒರೆಸಿಕೊಂಡು ಲೆಕ್ಕ ಶುರು ಮಾಡುವ ಗುಂಡಿ ಒತ್ತುತ್ತಾರೆ.

ಹನ್ನೆರಡು ಫ್ಯಾನುಗಳು ಒಟ್ಟಿಗೆ ದನಿಯೇರಿಸುತ್ತವೆ. ಕೋಣೆ ಬೆಚ್ಚಗಾಗುತ್ತದೆ, ಕಿಟಕಿ ಬೆಳ್ಳಗಾಗುತ್ತದೆ. ಐದು ಐವತ್ತೊಂದಕ್ಕೆ ಪ್ರಿಂಟರ್ ಕುಲುಕಿ ಒಂದು ಹಾಳೆ ಉಗುಳುತ್ತದೆ: ಮೂವತ್ತೊಂದು ವಾಹನ, ಮೂವತ್ತೊಂದು ಜಾಗ. ಮೇಲ್ವಿಚಾರಕರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇನ್ನೂ ಬಿಸಿ ಇದೆ ಕಣಮ್ಮ" ಎನ್ನುತ್ತಾರೆ. ಆಮೇಲೆ ತಾವೇ ಎದ್ದು ಹೋಗಿ ಆಕೆಗೊಂದು ಲೋಟ ಚಹಾ ತರುತ್ತಾರೆ.

ಚಹಾ ಕುಡಿಯುವ ಮೊದಲು ವೈರಕ್ಕ ಅಕ್ಕನಿಗೆ ಫೋನು ಹಚ್ಚುತ್ತಾರೆ. "ಬಸ್ ಪಾಸು ನೆನಪಿದೆಯೇನೇ?"

ಆ ಕಡೆಯ ನಿದ್ದೆಗಣ್ಣಿನ ದನಿ ನಮಗೂ ಕೇಳಿಸುತ್ತದೆ. "ಯಾಕೆ, ಕಂಡಕ್ಟರ್ ಈಗ ಸಿಕ್ಕಿಬಿಟ್ನಾ?"

ಏನು ಬೇಕು ನಿಮಗೆ ಎಂದು ಕೇಳಿದರೆ ಯೋಚಿಸುತ್ತಾರೆ. ಬಡ್ತಿ ಎನ್ನುವುದಿಲ್ಲ, ಸನ್ಮಾನ ಎನ್ನುವುದಿಲ್ಲ. "ಆ ಷರಾ ಇರೋ ಹಾಳೆ ಮೇಲೆ 'ನಡೀತಿದೆ' ಅಂತ ಒಂದು ಪದ ಬರೆದು ಸಹಿ ಹಾಕ್ಲಿ. ಸಾಕು. ಆ ಹಾಳೆ ಇಟ್ಕೊಳ್ತೀನಿ."

ಅಂಗಳದಲ್ಲಿ ಹಿರಿಯ ಚಾಲಕರೊಬ್ಬರು ಹಾಳೆ ಹಿಡಿದು ಗೊಣಗುತ್ತಿದ್ದಾರೆ. ಹನ್ನೊಂದು ವರ್ಷದಿಂದ ಅವರು ಗೇಟಿನಿಂದ ಬಲಕ್ಕೆ ತಿರುಗಿ, ನೀರಿನ ಟ್ಯಾಂಕಿನ ಕೆಳಗೆ ನಿಲ್ಲುವವರು.

"ವೈರಕ್ಕ, ತರಕಾರಿ ಮಂಡಿ ಹತ್ರ ಅಂತಿದೆ ನಿನ್ನ ಲೆಕ್ಕ. ಅಲ್ಲಿ ಒಂದು ಚೂರು ನೆರಳಿಲ್ಲ ಕಣಮ್ಮ."

"ನೆರಳಿಲ್ಲ ಅಣ್ಣ. ಶನಿವಾರ ಲಾರಿ ಇಳಿಸೋರು ಇರ್ತಾರೆ, ಬೀಳೋದು ಅವರೇ."

ಅವರು ಹಾಳೆಯನ್ನು ಮತ್ತೊಮ್ಮೆ ನೋಡಿ, ಮಡಿಸಿ ಜೇಬಿಗಿಡುತ್ತಾರೆ. ಗೇಟಿನ ಬಳಿ ವಾಹನ ಕ್ಷಣ ನಿಲ್ಲುತ್ತದೆ. ಎಡಗಡೆಯ ದೀಪ ಮಿಣುಕತೊಡಗುತ್ತದೆ.