ಮೊದಲ ಬಲ್ಬು ಏಕೆ ಹೆಚ್ಚು ಉರಿಯಿತು

ದೆಹಲಿಯ ಒಂದು ಕಾಲೇಜಿನಲ್ಲಿ ಹನ್ನೊಂದು ವರ್ಷ ಭೌತಶಾಸ್ತ್ರ ಕಲಿಸಿದ್ದ ನನಗೆ, ನಾನು ಚೆನ್ನಾಗಿ ಪಾಠ ಮಾಡುತ್ತೇನೆ ಎನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಬೋರ್ಡಿನ ತುಂಬ ಸಮೀಕರಣ ಬರೆಯುತ್ತಿದ್ದೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು, ಅಂಕಗಳೂ ಬರುತ್ತಿದ್ದವು. ಒಮ್ಮೆ, ಮಕ್ಕಳು ವಿದ್ಯುತ್ತನ್ನು ಹೇಗೆ ತಪ್ಪಾಗಿ ಊಹಿಸಿಕೊಳ್ಳುತ್ತಾರೆ ಎಂಬ ಸಂಶೋಧನಾ ಲೇಖನ ಓದಿ, ಅಂಥದೇ ಒಂದು ಪ್ರಶ್ನೆಯನ್ನು ನನ್ನ ತರಗತಿಗೂ ಕೊಟ್ಟೆ. ಒಂದೇ ತರಹದ ಎರಡು ಬಲ್ಬುಗಳನ್ನು ಒಂದರ ಹಿಂದೆ ಒಂದರಂತೆ ಬ್ಯಾಟರಿಗೆ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ? ಕಷ್ಟದ ಲೆಕ್ಕಗಳನ್ನು ಸಲೀಸಾಗಿ ಬಿಡಿಸುವವರೇ ‘ಮೊದಲನೆಯದು’ ಎಂದು ಬರೆದಿದ್ದರು. ಕರೆಂಟು ಅಲ್ಲಿ ಅರ್ಧ ಖರ್ಚಾಗಿಬಿಡುತ್ತದಂತೆ. ನಿಜವಾಗಿ ಎರಡೂ ಸಮನಾಗಿ ಬೆಳಗಬೇಕು. ಅವತ್ತು ನನಗೆ ನಾಚಿಕೆಯಾಯಿತು. ಕೆಲಸ ಎಲ್ಲಿಂದ ಶುರು ಮಾಡಬೇಕು ಎನ್ನುವುದೂ ತಿಳಿಯಿತು.

ಕೆಲವು ವರ್ಷಗಳ ನಂತರ ಶಾಲಾ ಶಿಕ್ಷಕರಿಗೆ ತರಬೇತಿ ಕೊಡುವ ಹೊಣೆ ನನ್ನ ಪಾಲಿಗೆ ಬಂತು. ದೆಹಲಿಯ ಓಖ್ಲಾದ ಒಂದು ಶಾಲೆ, ಬೇಸಿಗೆ ರಜೆ, ಬಿಸಿಗಾಳಿಯನ್ನೇ ತಿರುಗಿಸುವ ಫ್ಯಾನುಗಳು. ಜೊತೆಗೆ ಹೌಜ್ ಖಾಸ್‌ನ ಸಂಸ್ಥೆಯೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದ ತುಮಕೂರಿನ ಹುಡುಗಿ. ಶಿಕ್ಷಕರು ತಮ್ಮತಮ್ಮಲ್ಲಿ ವಾದಿಸುವುದನ್ನು ಬರೆದುಕೊಂಡು, ಅವರ ಯೋಚನೆ ಎಲ್ಲಿ ಬದಲಾಗುತ್ತದೆ ಎಂದು ಹುಡುಕುವುದೇ ಅವಳ ಸಂಶೋಧನೆ.

ಮುಂದಿನ ಸಾಲಿನಲ್ಲಿ ನನಗಿಂತ ಹಿರಿಯರಾದ ಒಬ್ಬ ಶಿಕ್ಷಕಿ ಇದ್ದರು. ಮೊದಲ ದಿನವೇ ಹಿಂದಿಯಲ್ಲಿ ಕೇಳಿದರು: “ಮೇಡಂಜೀ, ನನ್ನ ಕ್ಲಾಸಲ್ಲಿ ಅರವತ್ತು ಮಕ್ಕಳು. ಚರ್ಚೆ ಅಂತ ಕೂತರೆ ಪಾಠ ಮುಗಿಸೋದು ಯಾರು?”

“ಎರಡು ದಿನ ಮಾಡಿ ನೋಡಿ. ಆಮೇಲೂ ಬೇಡ ಅನ್ನಿಸಿದರೆ ನಾನು ವಾದ ಮಾಡಲ್ಲ,” ಎಂದೆ.

ನಮ್ಮ ಕ್ರಮ ಸರಳ. ಮೊದಲು ಊಹಿಸಿ ಬರೆಯಬೇಕು, ಪಕ್ಕದವರನ್ನು ಒಪ್ಪಿಸಲು ನೋಡಬೇಕು, ಕೊನೆಗೆ ಪ್ರಯೋಗ. ಬಲ್ಬಿನ ಪ್ರಶ್ನೆಗೆ ಆಕೆಯೂ ‘ಮೊದಲನೆಯದು’ ಎಂದೇ ಬರೆದರು. ತಂತಿ ಜೋಡಿಸಿದರು. ಮೊದಲ ಬಲ್ಬು ನಿಜವಾಗಿಯೂ ಪ್ರಕಾಶಮಾನವಾಗಿ ಉರಿಯಿತು, ಎರಡನೆಯದು ಕೆಂಡದಂತೆ ಮಂಕಾಗಿತ್ತು.

“ನೋಡಿ, ನಾನು ಹೇಳಿದ್ದೇ ಆಯ್ತು,” ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು.

ತುಮಕೂರಿನ ಹುಡುಗಿ ಹತ್ತಿರ ಬಂದು ಕನ್ನಡದಲ್ಲಿ ಪಿಸುಗುಟ್ಟಿದಳು: “ಮೇಡಂ, ಅಂಗಡಿ ಭಯ್ಯಾ ಬೇರೆ ಬೇರೆ ಬಲ್ಬ್ ಸೇರಿಸಿ ಕೊಟ್ಟಿದ್ದಾನೆ ಅನ್ಸುತ್ತೆ. ಬದಲಾಯಿಸಿಬಿಡ್ಲಾ?”

“ಬೇಡ, ಇರಲಿ.”

ಹಿಂದಿನ ನಾನಾಗಿದ್ದರೆ ಬಲ್ಬು ಸರಿಯಿಲ್ಲ ಎಂದು ಸಾರಿ ಬೋರ್ಡಿನತ್ತ ಹೋಗುತ್ತಿದ್ದೆ. ಈಗ ಆಕೆಯನ್ನೇ ಕೇಳಿದೆ: “ಮೊದಲಿರೋದರಿಂದಲೇ ಅದು ಹೆಚ್ಚು ಉರೀತಿದೆ ಅಂತ ಹೇಗೆ ಖಚಿತಪಡಿಸ್ಕೋತೀರಿ?”

ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ನಾನು ಕಷ್ಟಪಟ್ಟು ಕಲಿತ ವಿದ್ಯೆ. ಆಕೆ ತಂತಿಯ ಜಾಡನ್ನು ಬೆರಳಿನಿಂದ ಹಿಂಬಾಲಿಸುತ್ತ ಹೋಗಿ, “ಬ್ಯಾಟರಿ ತಿರುಗಿಸಿದರೆ ಆಚೆಯದೇ ಮೊದಲನೆಯದಾಗುತ್ತೆ. ಆಗ ಅದು ಜೋರಾಗಿ ಉರೀಬೇಕು,” ಎಂದರು. ತಾವೇ ತಿರುಗಿಸಿ ಹಾಕಿದರು.

ಮೊದಲು ಬೆಳಗಿದ ಬಲ್ಬೇ ಮತ್ತೆ ಬೆಳಗಿತು.

“ಅಚ್ಛಾ,” ಎಂದರು ನಿಧಾನವಾಗಿ. “ಹಾಗಾದರೆ ವಿಷಯ ಇರೋದು ಬಲ್ಬಿನಲ್ಲಿ, ಜಾಗದಲ್ಲಲ್ಲ.” ಡಬ್ಬಿಯಲ್ಲಿದ್ದ ಬಲ್ಬುಗಳನ್ನೆಲ್ಲ ಸುರಿದುಕೊಂಡು ಒಂದೊಂದಾಗಿ ಪರೀಕ್ಷಿಸಿ ಸರಿಜೋಡಿಯೊಂದನ್ನು ಹುಡುಕಿದರು. ಬ್ಯಾಟರಿ ಹೇಗೆ ಇಟ್ಟರೂ ಅವೆರಡೂ ಸಮನಾಗಿ ಉರಿದವು. ಆಮೇಲೆ ಆಕೆ ಕುರ್ಚಿಯಲ್ಲಿ ಕೂತು, ಯಾರ ಮುಖವನ್ನೂ ನೋಡದೆ ಕೇಳಿದರು: “ಇಷ್ಟು ವರ್ಷ ಮಕ್ಕಳಿಗೆ ಏನು ಹೇಳಿಕೊಟ್ಟೆ ನಾನು?”

ಪಕ್ಕದಲ್ಲಿ ಕೂತು ನನ್ನ ಹನ್ನೊಂದು ವರ್ಷಗಳ ಕಥೆ ಹೇಳಿದೆ. ಊಟದ ಬಿಡುವು ಪೂರ್ತಿ ಅದರಲ್ಲೇ ಕಳೆಯಿತು.

ಅಂದಿನಿಂದ ನಮ್ಮ ತರಬೇತಿಯಲ್ಲಿ ಹೊಂದದ ಬಲ್ಬುಗಳನ್ನು ಬೇಕೆಂದೇ ಇಡುತ್ತೇವೆ. ಬಿ.ಎಡ್. ವಿದ್ಯಾರ್ಥಿಗಳಿಗೂ ಅದೇ ಪಾಠ. ಆ ಹಿರಿಯ ಶಿಕ್ಷಕಿ ಮರುವರ್ಷ ನೋಯ್ಡಾದಲ್ಲಿ ಒಂದಿಡೀ ದಿನದ ತರಬೇತಿಯನ್ನು ತಾವೇ ನಡೆಸಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಟಿಪ್ಪಣಿ ಮಾಡಿಕೊಂಡೆ. ಈಗ ನಾವಿಬ್ಬರೂ ಸೇರಿ ಶಾಖ ಮತ್ತು ತಾಪಮಾನದ ಪಾಠ ಸಿದ್ಧಪಡಿಸುತ್ತಿದ್ದೇವೆ. ತಾಪಮಾನ ಒಂದೇ ಆಗಿದ್ದರೂ, ಒಂದೇ ಕೋಣೆಯಲ್ಲಿಟ್ಟ ಸ್ಟೀಲ್ ಚಮಚ ಮರದ ಚಮಚಕ್ಕಿಂತ ತಣ್ಣಗಿದೆ ಎಂದು ಮಕ್ಕಳು ಏಕೆ ಅಷ್ಟು ಗಟ್ಟಿಯಾಗಿ ನಂಬುತ್ತಾರೆ? ಬರುವ ಸೋಮವಾರ ಆ ಶಿಕ್ಷಕಿಯ ಶಾಲೆಯ ಎಂಟನೇ ತರಗತಿಗೆ ಹೋಗಿ, ಮೊದಲು ಮಕ್ಕಳ ಬಾಯಿಂದಲೇ ಕೇಳುವವರಿದ್ದೇವೆ.