ಇಳಿದ ಸುದ್ದಿ

ನನ್ನ ತಮ್ಮ ಗ್ಲೈಡರ್ ಹಾರಿಸುತ್ತಿದ್ದ, ಅಂದರೆ ಎಂಜಿನ್ ಇಲ್ಲದ ವಿಮಾನ. ಐವತ್ತರ ದಶಕದ ಒಂದು ಬೇಸಿಗೆಯಲ್ಲಿ ಪುಣೆಯಿಂದ ಊರಿನ ದಿಕ್ಕು ಹಿಡಿದು ಬಂದು, ಸೋನ್ಯಾಳದ ನಮ್ಮ ಖಾಲಿ ಹೊಲದಲ್ಲೇ ಇಳಿದ. ಮೇಲಿದ್ದಾಗ ರೇಡಿಯೋದಲ್ಲಿ ನಿಯಂತ್ರಣ ಕೇಂದ್ರದವರ ಜೊತೆ ಮಾತಾಡುತ್ತಿದ್ದನಂತೆ. ನೆಲಕ್ಕೆ ಇಳಿದರೆ ಆ ಮಾತು ಅಷ್ಟು ದೂರ ಮುಟ್ಟುತ್ತಿರಲಿಲ್ಲ. ಹತ್ತಿರದ ಪೇಟೆ ಜತ್ತಿಗೆ ಹೋಗಿ, ಅಲ್ಲಿನ ತಂತಿ ಕಚೇರಿಯಿಂದ ಇಳಿದ ಸುದ್ದಿಯ ತಾರು ಕೊಡಬೇಕಿತ್ತು.

ಅವ್ವ ಬಿಡಲಿಲ್ಲ. ಬಂದವರು ಉಣ್ಣದೆ ಹೊಸ್ತಿಲು ದಾಟುವ ರೂಢಿ ನಮ್ಮಲ್ಲಿರಲಿಲ್ಲ.

"ಅವ್ವಾ, ಲಗೂನ ಹೋಗಬೇಕು. ನಾ ಬಿದ್ದೀನಂತ ತಿಳದು ಹುಡಕಾಕ ಹೊಂಡತಾರ."

"ಹುಡಕಲಿ ಬಿಡೋ. ಬಂದ್ರ ಅವರಿಗೂ ರೊಟ್ಟಿ ಬಡೀತೀನಿ. ನೀ ಮೊದಲ ಕುಂದ್ರು."

ಅವನು ನಿಂತೇ ಎರಡು ತುತ್ತು ನುಂಗಿ, ಉಳಿದ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಸೈಕಲ್ ಹತ್ತಿದ. ತಾರು ಕೊಟ್ಟು ಬಂದ ಮೇಲೆಯೇ ಕೂತು ಉಂಡ.

"ನಾ ಇಳದೀನಿ ಅಂತ ಗೊತ್ತಾಗೋತನಕ ಅಲ್ಲಿ ಕೇಂದ್ರದಾಗ ಒಬ್ಬಾಂವ ಕುರ್ಚಿ ಬಿಟ್ಟು ಏಳಂಗಿಲ್ಲ ಅಕ್ಕಾ" ಅಂದ.

ಹೋದ ತಿಂಗಳು ತಮ್ಮ ತೀರಿಕೊಂಡ. ಮನೆಯವರು ಮಲಗು ಅನ್ನುತ್ತಾರೆ. ನಾನು ಅಂಗಳಕ್ಕೆ ಹೋಗಿ ಮೇಲೆ ನೋಡಿ, ಮತ್ತೆ ಬಂದು ಕುರ್ಚಿಯಲ್ಲಿ ಕೂಡುತ್ತೇನೆ. ಅವನು ಮುಟ್ಟಿದ ಸುದ್ದಿ ಇನ್ನೂ ಬಂದಿಲ್ಲ.