ಬೆಂಚಿನ ಕೆಳಗಿನ ಕಲ್ಲು

ನಮ್ಮತ್ತೆಯನ್ನು ಯಾರಾದರೂ ‘ಬರೀ ಕಸ ಗುಡಿಸೋಳು’ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೂವತ್ತೊಂದು ವರ್ಷ ನಮ್ಮೂರ ರೈಲು ನಿಲ್ದಾಣದ ನೆಲ ತೊಳೆದವರು ಅವರು. ದಿನಗೂಲಿ. ಪ್ರಯಾಣಿಕರ ಬೆಂಚಿನ ಮೇಲೆ ಒಂದು ದಿನವೂ ಕೂತವರಲ್ಲ. ಕೂತರೆ ಸ್ಟೇಷನ್ ಮಾಸ್ತರು ಗದರುತ್ತಿದ್ದರಂತೆ.

ರೈಲು ನಿಂತ ಮೇಲೆ ಹದಿನೆಂಟು ವರ್ಷ ಹಾಳು ಬಿದ್ದಿದ್ದ ಆ ಕಟ್ಟಡವನ್ನು ವಸ್ತುಸಂಗ್ರಹಾಲಯ ಮಾಡೋಣವೆಂದು ಊರಿನ ಹತ್ತಾರು ಮಂದಿ ಸಂಬಳವಿಲ್ಲದೆ ಕೈಹಾಕಿದೆವು. ನಾನು ದರ್ಜಿ, ಪರದೆ ಹೊಲಿಯುವುದು ನನ್ನ ಪಾಲು. ಕೊನೆಗೆ ಗೋಡೆಗೆ ‘ಇಲ್ಲಿ ದುಡಿದವರು’ ಎಂಬ ಹಲಗೆ ಬಂತು. ಮಾಸ್ತರರಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರ ಹೆಸರೂ ಇತ್ತು. ಅತ್ತೆಯದಿಲ್ಲ.

ನಮ್ಮ ಗುಂಪಿನ ಮುಂದಾಳು ಒಬ್ಬ ನಿವೃತ್ತ ಇತಿಹಾಸದ ಮೇಷ್ಟ್ರು. “ಇದೇನ್ ಮೇಷ್ಟ್ರೇ?” ಎಂದೆ.

“ಹಾಜರಿ ಪುಸ್ತಕದಲ್ಲಿ ಹೆಸರಿಲ್ವಲ್ಲಮ್ಮ. ದಾಖಲೆ ಇಲ್ದೆ ಹೇಗೆ ಹಾಕೋದು?”

ಮನೆಗೆ ಬಂದು ಕೂಗಾಡಿದೆ. “ಬಿಡೇ, ಹೋಗ್ಲಿ,” ಅಂದರು ಅತ್ತೆ. ಆದರೆ ಆಮೇಲೆ ನಿಲ್ದಾಣದ ಸುದ್ದಿಯನ್ನೇ ಕೇಳಲಿಲ್ಲ. ಅವರಿಗೆಷ್ಟು ನೋವಾಗಿತ್ತೆಂದು ನನಗೆ ಗೊತ್ತಾಗದೆ ಇರುತ್ತದೆಯೇ?

ಉದ್ಘಾಟನೆಗೆ ಎರಡು ದಿನವಿದ್ದಾಗ ನಿರೀಕ್ಷಣಾ ಕೊಠಡಿ ತೊಳೆಯಲು ಇಪ್ಪತ್ತು ಬಕೆಟ್ ನೀರು ಸುರಿದೆವು. ನೀರು ಹೋಗಲೇ ಇಲ್ಲ, ಗುಡಿಸಿದಷ್ಟೂ ವಾಪಸು ಬಂತು. “ನೆಲಾನೇ ಕೀಳಬೇಕು,” ಎಂದ ನಮ್ಮ ಗುಂಪಿನ ಗಾರೆ ಮೇಸ್ತ್ರಿ. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. ನಾನು ಮನೆಗೆ ಓಡಿದೆ.

“ಅತ್ತೇ, ಸಿಟ್ಟು ಆಮೇಲೆ. ಆ ನೆಲದ ಮರ್ಮ ನಿಮಗಲ್ದೆ ಇನ್ಯಾರಿಗೆ ಗೊತ್ತು? ಬನ್ನಿ.”

ಬಂದರು. ಬಾಗಿಲಲ್ಲೇ ನಿಂತು ಒಂದು ಸಲ ಕಣ್ಣಾಡಿಸಿದರು. “ಈ ಬೆಂಚು ಇಲ್ಲಿಗ್ಯಾಕೆ ಬಂತು? ಎತ್ತಿ ಆಚೆ.” ನಾಲ್ವರು ಎತ್ತಿದರು. ಅತ್ತೆ ನೀರೊಳಗೆ ಕಾಲ್ಬೆರಳಿನಿಂದ ತಡಕಾಡಿದರು.

“ಇಲ್ಲಿ ಮೋರಿ ಮುಚ್ಚೋ ಕಲ್ಲಲ್ಲಿ ಬೆರಳು ಹಿಡಿಯೋಷ್ಟು ತೂತಿತ್ತು. ಯಾವ ಪುಣ್ಯಾತ್ಮ ಮುಚ್ಚಿದ್ದು?”

ಮೇಸ್ತ್ರಿಯ ಮುಖ ಹುಳ್ಳಗಾಯಿತು. ನೆಲದಲ್ಲಿ ಕಂಡ ತೂತನ್ನೆಲ್ಲ ಸಿಮೆಂಟಿನಿಂದ ನುಣ್ಣಗೆ ಮುಚ್ಚಿ, ನಮ್ಮೆಲ್ಲರಿಂದ ಭೇಷ್ ಎನಿಸಿಕೊಂಡಿದ್ದ ಮಹಾರಾಯ! ಅವನೇ ಉಳಿ ತಂದು ಬಿಡಿಸಿದ. ಅತ್ತೆ ಬೆರಳು ತೂರಿಸಿ ಕಲ್ಲನ್ನೆತ್ತಿ, ಕೆಳಗಿನ ಮೋರಿಗೆ ಮೊಣಕೈವರೆಗೆ ಕೈಯಿಟ್ಟು ಕೆಸರು ಬಾಚಿದರು. ನೀರು ಗಳಗಳನೆ ಇಳಿದುಹೋಯಿತು. ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು.

“ದಿನಾ ಎರಡು ಸಲ ಈ ಕಲ್ಲು ಎತ್ತಿದೀನಿ,” ಎಂದರು ಅತ್ತೆ. “ಹಾಜರಿ ಅಂದ್ರೆ ಇದೇ ಅಲ್ವಾ ಮೇಷ್ಟ್ರೇ?”

ಮೇಷ್ಟ್ರು ಹಲಗೆ ಬರೆದ ಪೇಂಟರಿಗೆ ಫೋನ್ ಮಾಡಿದರು.

ಉದ್ಘಾಟನೆಯ ಬೆಳಿಗ್ಗೆ ಅತ್ತೆ ಹಲಗೆಯ ಮುಂದೆ ನಿಂತು, ಅಕ್ಷರ ಕೂಡಿಸಿಕೊಂಡು ತಮ್ಮ ಹೆಸರನ್ನು ಎರಡು ಸಲ ಓದಿದರು. ಅದರ ಮುಂದೆ ಹೀಗೆ ಬರೆದಿತ್ತು: ನೆಲ ತೊಳೆದವರು, ಮೂವತ್ತೊಂದು ವರ್ಷ. ಆಮೇಲೆ ಅವರ ಕಣ್ಣು ಕೆಳಗೆ ಹೋಯಿತು.

“ಯಾರೋ ಕೆಸರು ಕಾಲಲ್ಲೇ ಬಂದಿದಾರೆ ನೋಡೇ. ಬಟ್ಟೆ ಕೊಡು.”

“ಕೊಡಲ್ಲ. ನೀವು ಅಲ್ಲಿ ಕೂತ್ಕೊಳ್ಳಿ,” ಎಂದು ಬೆಂಚು ತೋರಿಸಿದೆ.

ಅತ್ತೆ ಒಮ್ಮೆ ಮಾಸ್ತರರ ಕೋಣೆಯ ಬಾಗಿಲ ಕಡೆ ನೋಡಿದರು. ಆಮೇಲೆ ಕೂತರು, ಬೆಂಚಿನ ನಟ್ಟನಡುವೆ. ನಾನು ನೆಲ ಒರೆಸಿದೆ.